ಸಂಧಿದೋಷ ವಿಚಾರ

ಯಾವುದಾದರೊಂದು ಕಾರ್ಯವು ಕೆಟ್ಟಾಗ ಮನುಷ್ಯನ ಬಾಯಿಂದ ಮೊದಲು ಹೊರಡುವ ಪ್ರಶ್ನೆಯು ‘ಯಾರು ಕೆಡಿಸಿದರು?’ ಎಂಬುದು. ‘ಏನು ಕೆಟ್ಟಿತು?’ ಎಂಬುದು ಅದರ ಹಿಂದೆ ಬರುವುದು. ‘ಹೇಗೆ ಕೆಟ್ಟಿತು?’ ಎಂಬ ಪ್ರಶ್ನೆಯಂತೂ ಅನೇಕ ವೇಳೆ ಹುಟ್ಟುವುದೇ ಇಲ್ಲ. ಏಕೆಂದರೆ ಅಷ್ಟರೊಳಗೆ ಒಬ್ಬ ಅಪರಾಧಿಯು ಸಿಕ್ಕಿ, ಜನರ ಮನಸ್ಸು ತೃಪ್ತಿಗೊಂಡಿರುತ್ತದೆ. ಸಂಸಾರಗಳಲ್ಲಿಯೂ ಸಂಘಸಂಸ್ಥೆಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ನಡೆದುಬಂದಿರುವ ರೀತಿ ಇದೇ. ಇದು ನ್ಯಾಯವಾದ ಕ್ರಮವೆ? ಕೂಡಿ ನಡೆಯತಕ್ಕ ಪದಾರ್ಥಗಳಲ್ಲಿ ಒಂದೊಂದೂ ನಿರ್ದೋಷವಾಗಿದ್ದು, ಅವುಗಳ ಕೂಟವು ಮಾತ್ರ ಸದೋಷವಾಗಿರುವುದು ಸಾಧ್ಯವೆ? ಸಾಧ್ಯವಾದರೆ ಆ ದೋಷವನ್ನು ಯಾರ ತಲೆಗೆ ಕಟ್ಟಬೇಕು? ಈ ಪ್ರಶ್ನೆಗಳನ್ನು ಯಥಾಮತಿಯಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ.

ನಮ್ಮ ಪೂರ್ವಿಕರಿಗೆ ಈ ವಿಷಯವು ಅಪರಿಚಿತವಾದುದಲ್ಲ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಬಾಲಕನೂ ಬಲ್ಲನು: ಅಲ್ಲಿ ಎಣಿಸಿರುವ 24 ಗುಣಗಳಲ್ಲಿ ಸಂಯೋಗವೆಂಬುದೂ ಒಂದು, ಅದು ಒಂದೇ ದ್ರವ್ಯದಲ್ಲಿ ನೆಲಸತಕ್ಕದ್ದಲ್ಲ, ಕೂಡಿದ ಎರಡರಲ್ಲಿಯೂ ಇರತಕ್ಕದ್ದು. ಕೈಯೂ ಪುಸ್ತಕವೂ ಸೇರಿದಾಗ ಆ ಸೇರುವಿಕೆಯು ಕೈಯೊಂದರದೂ ಅಲ್ಲ, ಪುಸ್ತಕವೊಂದರದೂ ಅಲ್ಲ. ಅದು ಎರಡಕ್ಕೂ ಸೇರಿದುದು. ಹಾಗಿರುವಲ್ಲಿ ಸೇರುವಿಕೆಯಲ್ಲಿಯೇ ಕುಂದು ಉಂಟಾದರೆ ಅದನ್ನು ಒಂದರ ಮೇಲೆ ಮಾತ್ರ ಹೊರಿಸುವುದು ಹೇಗೆ? ವ್ಯಾಕರಣದಲ್ಲಿಯೂ ಇದೇ ಮಾತು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಎರಡು ಶಬ್ದಗಳು ತಮ್ಮಷ್ಟಕ್ಕೆ ತಾವು ಶುದ್ಧವಾಗಿದ್ದರೂ ಅವುಗಳನ್ನು ಕೂಡಿಸುವಲ್ಲಿ ತಪ್ಪಿದರೆ ಪ್ರಯೋಗವು ಅಶುದ್ಧವಾಗುವುದು. ಆಗ ಯಾವ ಶಬ್ದವನ್ನು ಹಳಿಯೋಣ?

ಆದರೆ ಶಾಸ್ತ್ರದ ಮಾತಿನಿಂದಲೇ ಎಲ್ಲರಿಗೂ ನಂಬಿಕೆ ಹುಟ್ಟುವುದಿಲ್ಲ, ದೃಷ್ಟಾಂತವು ಬೇಕು. ಲೌಕಿಕನೂ ಪರೀಕ್ಷಕನೂ ಸಮಾನವಾಗಿ ಒಪ್ಪುವಂಥದು ದೃಷ್ಟಾಂತವೆಂದು ನ್ಯಾಯಸೂತ್ರಕಾರನಾದ ಗೌತಮನ ಅಭಿಪ್ರಾಯ. ಘಟಪಟಗಳ ದೃಷ್ಟಾಂತಗಳು ಹಳೆಯವಾದುವು. ಬೆಂಗಳೂರಿನ ಪಶ್ಚಿಮಭಾಗದಲ್ಲಿ, ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಲ್ಲಿ ವಾಸಮಾಡುವವನಿಗೆ ಮಡಕೆಮಗ್ಗಗಳಿಗಿಂತ ಹತ್ತಿರವಾದುವು ಲೇತುಗಳು, ಪವರ್ ಪ್ರೆಸ್ಸುಗಳು, ವೆಲ್ಡಿಂಗ್ ಅಂಗಡಿಗಳು. ಇಲ್ಲಿನ ಗಲ್ಲಿಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೂ ಕಬ್ಬಿಣವನ್ನು ಕಡೆಯುವ ಸದ್ದು ನಿಲ್ಲುವುದಿಲ್ಲ. ಆದುದರಿಂದ ಇಂಥದೊಂದು ಕಾರ್ಖಾನೆಯಲ್ಲಿ ನಡೆದ ಸಂಗತಿಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳುತ್ತೇನೆ. ಅದು ಹಗುರವಾದ ಸ್ಪೋರ್ಟ್ಸ್ ಕಾರೊಂದರ ಹಿಂದಿನ ಆಕ್ಸಲ್, ಎಂದರೆ ಅಚ್ಚು, ಬಿಗಿದುಕೊಂಡ ಸಂಗತಿ.

ಈ ಬಗೆಯ ಕಾರಿನ ಮೂಲಮಾದರಿಯು ಇಂಗ್ಲೆಂಡಿನದು. ಅಲ್ಲಿ ಕಾಲಿನ್ ಚಾಪ್‌ಮನ್ ಎಂಬ ಶಿಲ್ಪಿಯು 1957ರಲ್ಲಿ ಲೋಟಸ್ ಸೆವೆನ್ ಎಂಬ ಗಾಡಿಯನ್ನು ಹೊರತಂದನು. ಎರಡು ಆಸನ, ಕೊಳವೆಗಳನ್ನು ಬೆಸೆದ ಚೌಕಟ್ಟು, ತೆಳುವಾದ ಅಲ್ಯುಮಿನಿಯಂ ಹೊದಿಕೆ, ಇಷ್ಟೇ ಅದರ ಸಂಪತ್ತು. ತೂಕವು ಸುಮಾರು 500 ಕಿಲೋಗ್ರಾಂ ಮಾತ್ರ. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಹೋಯಿತು. ಅದೇ ಆಕೃತಿಯಲ್ಲಿ ಲೋಕದ ಅನೇಕ ಕಡೆಗಳಲ್ಲಿ ಹವ್ಯಾಸಿಗಳು ತಮ್ಮ ಕೈಯಿಂದಲೇ ಗಾಡಿಗಳನ್ನು ಕಟ್ಟಿಕೊಳ್ಳುತ್ತ ಬಂದಿದ್ದಾರೆ. ನಮ್ಮ ಗಲ್ಲಿಯ ಕಾರ್ಖಾನೆಗೆ ಬಂದುದೂ ಅಂಥ ಒಂದು ಗಾಡಿ. ಹಳೆಯ ವಾಹನವೊಂದರ ಹಿಂದಿನ ಅಚ್ಚನ್ನು ತೆಗೆದು ಅದಕ್ಕೆ ಜೋಡಿಸಿದ್ದರು.

ಅಚ್ಚನ್ನು ಚೌಕಟ್ಟಿಗೆ ಹೊಂದಿಸುವ ಬಗೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಭಾರವನ್ನು ಹೊರುವುದು ಸ್ಪ್ರಿಂಗುಗಳ ಕೆಲಸ. ಕುಲುಕಾಟವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರುಗಳ ಕೆಲಸ. ಇವುಗಳಲ್ಲದೆ ಅಚ್ಚು ಅತ್ತಿತ್ತ ಹೋಗದಂತೆ ಹಿಡಿದಿರಲು ಲಿಂಕ್ ರಾಡುಗಳು ಬೇಕು. ಈ ಗಾಡಿಯಲ್ಲಿ ಎಡಗಡೆ ಮೇಲೊಂದು ಕೆಳಗೊಂದು, ಬಲಗಡೆ ಮೇಲೊಂದು ಕೆಳಗೊಂದು, ಹೀಗೆ ಉದ್ದುದ್ದಕ್ಕೆ ನಾಲ್ಕು, ಅಡ್ಡಲಾಗಿ ಒಂದು. ಈ ಅಡ್ಡರಾಡಿಗೆ ಫ್ರಾನ್ಸ್ ದೇಶದ ಹಳೆಯ ಕಾರ್ಖಾನೆಯೊಂದರ ಹೆಸರಿನಿಂದ ಪ್ಯಾನ್‌ಹಾರ್ಡ್ ರಾಡು ಎನ್ನುವರು. ಪ್ರತಿಯೊಂದು ರಾಡಿನ ಎರಡು ತುದಿಗಳಲ್ಲಿಯೂ ರಬ್ಬರಿನ ಬುಷ್ ಇರುವುದು. ಅದರ ನಡುವಣ ಉಕ್ಕಿನ ಕೊಳವೆಯ ಮೂಲಕ ಬೋಲ್ಟು ಹಾದುಹೋಗುವುದು. ಐದು ರಾಡು, ಹತ್ತು ಸಂಧಿ.

ಈಗ ಲೆಕ್ಕವನ್ನು ನೋಡೋಣ. ಆಧಾರವಿಲ್ಲದ ಗಟ್ಟಿ ವಸ್ತುವಿಗೆ ಆರು ಬಗೆಯ ಚಲನೆಗಳುಂಟು: ಮುಂದೆ-ಹಿಂದೆ, ಎಡಕ್ಕೆ-ಬಲಕ್ಕೆ, ಮೇಲೆ-ಕೆಳಗೆ ಸರಿಯುವುವು ಮೂರು, ಈ ಮೂರು ದಿಕ್ಕುಗಳ ಸುತ್ತ ಹೊರಳುವುವು ಮೂರು. ಗಾಡಿಯ ಅಚ್ಚಿಗೆ ಇವುಗಳಲ್ಲಿ ಎರಡನ್ನು ಮಾತ್ರ ಉಳಿಸಬೇಕು: ಎರಡು ಚಕ್ರಗಳೂ ಒಟ್ಟಿಗೆ ಏರಿಳಿಯುವುದು, ಒಂದು ಏರಿದಾಗ ಮತ್ತೊಂದು ಇಳಿಯುವುದು. ಉಳಿದ ನಾಲ್ಕನ್ನು ಕಟ್ಟಿಹಾಕಬೇಕು. ಒಂದು ರಾಡು ಒಂದು ಚಲನೆಯನ್ನು ಕಟ್ಟುವುದಾದುದರಿಂದ ನಾಲ್ಕು ರಾಡುಗಳು ಸಾಕು, ಇಲ್ಲಿರುವುದು ಐದು! ಆ ಹೆಚ್ಚಿನ ಬಂಧವು ಏನು ಮಾಡುವುದು? ಉದ್ದದ ರಾಡುಗಳೆಲ್ಲ ಸಮವಾಗಿ, ಸಮಾಂತರವಾಗಿ, ಅಳತೆಗೆ ಸರಿಯಾಗಿದ್ದರೆ ಅದು ಮೌನವಾಗಿರುವುದು. ಒಂದರ ಅಳತೆಯಲ್ಲಿ ಕೊಂಚ ವ್ಯತ್ಯಾಸವಾದರೂ ಎಡಪಕ್ಕದ ಜೋಡಿಯು ಅಚ್ಚನ್ನು ಒಂದು ಬಗೆಯಾಗಿ, ಬಲಪಕ್ಕದ ಜೋಡಿಯು ಇನ್ನೊಂದು ಬಗೆಯಾಗಿ ತಿರುಚಲು ತೊಡಗುವುದು. ಆಗ ಗಾಡಿಯನ್ನು ನಡೆಸುತ್ತಿರುವುದು ರಾಡುಗಳ ನಿಖರತೆಯಲ್ಲ, ರಬ್ಬರಿನ ತಾಳ್ಮೆ. ಆವಶ್ಯಕತೆಗಿಂತ ಹೆಚ್ಚು ಕಟ್ಟುಗಳಿರುವ ಕಡೆ ಯಾರೂ ತಪ್ಪುವಂತಿಲ್ಲ. ತಪ್ಪಿದರೆ ಯಾರಾದರೊಬ್ಬರು ಸಹಿಸಿಕೊಳ್ಳಬೇಕು. ದೊಡ್ಡ ಸಂಸಾರಗಳನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾದುದಿಲ್ಲ.

ಇನ್ನು ನಡೆದ ಸಂಗತಿ. ಗಾಡಿಯನ್ನು ಕಟ್ಟಿ ನೆಲಕ್ಕಿಳಿಸಿದಾಗ ಅದರ ಹಿಂಭಾಗವು ನಕ್ಷೆಯಲ್ಲಿದ್ದುದಕ್ಕಿಂತ ಎರಡು ಬೆರಳಿನಷ್ಟು ಎತ್ತರವಾಗಿ ನಿಂತಿತು. ಆಳು ಕುಳಿತರೂ ತಗ್ಗಲಿಲ್ಲ. ಸಣ್ಣ ಗುಂಡಿಗೆ ಚಕ್ರ ಬಿದ್ದರೆ ಬೆನ್ನುಮೂಳೆಗೆ ಏಟು. ತಿರುವಿನಲ್ಲಿ ಹಿಂದಿನ ಚಕ್ರಗಳು ನೆಲವನ್ನು ಹಿಡಿಯದೆ ಜಾರಿದುವು. ಸ್ಪ್ರಿಂಗು ಬಿರುಸೆಂದು ಮೆತ್ತನೆಯ ಸ್ಪ್ರಿಂಗನ್ನು ತರಿಸಿದರು, ಫಲವಿಲ್ಲ. ಆಮೇಲೆ ಗಾಡಿಯ ಒಡೆಯನಿಗೂ ಕಾರ್ಖಾನೆಯ ಯಜಮಾನನಿಗೂ ಒಂದು ನಿಶ್ಚಯವಾಯಿತು: ಬುಷ್‌ಗಳ ಉಕ್ಕಿನ ಕೊಳವೆಗಳನ್ನು ಲೇತಿನಲ್ಲಿ ಕಡೆದ ಹುಡುಗನೇ ಅಳತೆಯನ್ನು ಕೆಡಿಸಿದ್ದಾನೆ. ಉತ್ತರ ಕರ್ನಾಟಕದಿಂದ ಹೊಟ್ಟೆಪಾಡಿಗೆ ಬಂದವನು, ಮಾತು ಕಡಮೆ. ಆ ಶನಿವಾರ ಅವನ ಕೂಲಿಯನ್ನು ತಡೆಹಿಡಿದರು. ನಾಲ್ಕು ಜನರೆದುರಿಗೆ ಆಡಬಾರದ ಮಾತುಗಳನ್ನೂ ಆಡಿದರು. ಅವನು ಕೊಳವೆಗಳನ್ನು ಅಳೆದು ತೋರಿಸುತ್ತೇನೆಂದರೂ ಕೇಳುವವರಿರಲಿಲ್ಲ.

ಆ ಕಾರ್ಖಾನೆಗೆ ಆಗಾಗ ಬಂದುಹೋಗುವ ವೃದ್ಧ ಫಿಟ್ಟರ್ ಒಬ್ಬರುಂಟು. ಅವರು ಸೋಮವಾರ ಬಂದು, ಯಾರದು ತಪ್ಪೆಂದು ಕೇಳದೆ, ಗಾಡಿಯ ಚೌಕಟ್ಟನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದರು. ಸ್ಪ್ರಿಂಗುಗಳನ್ನೂ ಶಾಕ್ ಅಬ್ಸಾರ್ಬರುಗಳನ್ನೂ ಬಿಚ್ಚಿ ಬದಿಗಿರಿಸಿ, ಅಚ್ಚನ್ನು ಜ್ಯಾಕಿನಿಂದ ಎತ್ತಿ ಇಳಿಸಿ ನೋಡಿದರು. ಸ್ಪ್ರಿಂಗೇ ಇಲ್ಲದಿರುವಾಗ ಅಚ್ಚು ತನ್ನ ತೂಕವೊಂದನ್ನು ಬಿಟ್ಟು ಬೇರೆ ತಡೆಯಿಲ್ಲದೆ ಏರಬೇಕು. ಅದು ಹಾಗೆ ಏರಲಿಲ್ಲ, ಎತ್ತಿದಷ್ಟೂ ಎದುರೊತ್ತಿತು. ಆದುದರಿಂದ ದೋಷವು ಸ್ಪ್ರಿಂಗಿನದಲ್ಲವೆಂಬುದು ಮೊದಲ ನಿರ್ಣಯ. ಆಮೇಲೆ ಪ್ಯಾನ್‌ಹಾರ್ಡ್ ರಾಡನ್ನು ಬಿಚ್ಚಿ ನೋಡಿದರು; ತಡೆಯು ಕೊಂಚ ಇಳಿಯಿತು. ಅದನ್ನು ಮತ್ತೆ ಹಾಕಿ, ಎಡಗಡೆಯ ಮೇಲಿನ ರಾಡನ್ನು ಬಿಚ್ಚಿದರು, ಕೊಂಚ ಇಳಿಯಿತು. ಹೀಗೆ ಒಂದೊಂದನ್ನೇ ತೆಗೆಯುವುದು, ನೋಡುವುದು, ಮರಳಿ ಹಾಕುವುದು. ನೈಯಾಯಿಕರು ಅನ್ವಯವ್ಯತಿರೇಕವೆನ್ನುವುದು ಇದನ್ನೇ: ಯಾವುದು ಇದ್ದರೆ ಕಾರ್ಯವುಂಟೋ, ಯಾವುದು ಇಲ್ಲದಿದ್ದರೆ ಕಾರ್ಯವಿಲ್ಲವೋ, ಅದು ಕಾರಣ. ಎಲ್ಲವನ್ನೂ ಒಮ್ಮೆಗೇ ಕಳಚಿಹಾಕಿದರೆ ತಡೆಯು ಹೋಗುವುದು ನಿಶ್ಚಯ. ಆದರೆ ಕಾರಣವು ತಿಳಿಯುವುದಿಲ್ಲ.

ಇಂಥ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕಾಣಬರುವ ದೋಷಗಳು ಕೆಲವುಂಟು. ವೆಲ್ಡಿಂಗಿನ ಕಾವು ಆರುವಾಗ ಲೋಹವು ಕುಗ್ಗಿ, ರಾಡನ್ನು ಹಿಡಿಯುವ ಬ್ರಾಕೆಟ್ಟಿನ ಕಿವಿಗಳು ಓರೆಯಾಗುವುದು ಒಂದು. ಬೋಲ್ಟು ಕೈಯಿಂದಲೇ ಜಾರಿ ಒಳಹೋಗದೆ ಸುತ್ತಿಗೆಯನ್ನು ಬೇಡಿದರೆ ಈ ಸಂಶಯಕ್ಕೆ ಅವಕಾಶವಿದೆ. ರಬ್ಬರಿನ ಬದಲು ಪಾಲಿಯುರೆಥೇನ್ ಬುಷ್ ಹಾಕಿದಾಗ ಅದರ ಒಳಗಣ ಕೊಳವೆಯು ಬುಷ್‌ಗಿಂತ ಕೂದಲೆಳೆಯಷ್ಟು ಉದ್ದವಿರಬೇಕು. ಇಲ್ಲವಾದರೆ ಬೋಲ್ಟು ಕೊಳವೆಯನ್ನು ಅದುಮದೆ ಬುಷ್ಷನ್ನೇ ಅದುಮಿ ಹಿಡಿಯುವುದು. ಉಕ್ಕಿನ ಗೋಳವುಳ್ಳ ರಾಡ್ ಎಂಡ್‌ಗಳಾದರೆ ಅವು ಓರೆಯಾಗಬಲ್ಲ ಕೋನಕ್ಕೆ ಒಂದು ಮಿತಿಯುಂಟು. ಅದನ್ನು ಮೀರಿದರೆ ಬ್ರಾಕೆಟ್ಟಿಗೆ ತಗಲಿ ನಿಲ್ಲುವುವು. ಎರಡು ಚಕ್ರಗಳನ್ನು ಒಟ್ಟಿಗೆ ಎತ್ತಿದಾಗ ಸರಾಗವಾಗಿದ್ದ ಅಚ್ಚು ಒಂದು ಚಕ್ರವನ್ನು ಮಾತ್ರ ಎತ್ತಿದಾಗ ಬಿಗಿಯಬಹುದು; ಆದುದರಿಂದ ಎರಡು ಪರೀಕ್ಷೆಗಳನ್ನೂ ಮಾಡಬೇಕು.

ಆದರೆ ಈ ಗಾಡಿಯಲ್ಲಿ ಇವಾವುವೂ ಇರಲಿಲ್ಲ. ರಾಡುಗಳ ಉದ್ದ ಸಮ. ಬೋಲ್ಟುಗಳು ಕೈಯಿಂದ ಜಾರುತ್ತಿದ್ದುವು. ಹುಡುಗನು ಕಡೆದ ಕೊಳವೆಗಳನ್ನು ಅಳೆದರೆ ನಕ್ಷೆಗೆ ಸರಿಯಾಗಿದ್ದುವು. ವಿಚಿತ್ರವೇನೆಂದರೆ, ಯಾವ ರಾಡನ್ನು ತೆಗೆದರೂ ತಡೆಯು ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಇಳಿಯುತ್ತಿದ್ದಿತು. ಎಲ್ಲವೂ ಸಮವಾಗಿ ಅಪರಾಧಿಗಳು, ಅಥವಾ ಯಾವುದೂ ಅಪರಾಧಿಯಲ್ಲ! ಆಗ ಆ ವೃದ್ಧರು ಒಂದೇ ಪ್ರಶ್ನೆ ಕೇಳಿದರು: “ಈ ಬೋಲ್ಟುಗಳನ್ನ ಬಿಗಿದಾಗ ಗಾಡಿ ಎಲ್ಲಿತ್ತು?” ಗಾಡಿಯು ಸ್ಟ್ಯಾಂಡಿನ ಮೇಲಿದ್ದಿತು; ಅಚ್ಚು ಕೆಳಕ್ಕೆ ನೇತಾಡುತ್ತಿದ್ದಿತು. ಆ ಸ್ಥಿತಿಯಲ್ಲಿಯೇ ಹತ್ತು ಬೋಲ್ಟುಗಳನ್ನೂ ಬಲವಾಗಿ ಬಿಗಿದಿದ್ದರು. ಬಿಗಿದ ಬೋಲ್ಟು ಒಳಗಣ ಕೊಳವೆಯನ್ನು ಬ್ರಾಕೆಟ್ಟಿಗೆ ಕಚ್ಚಿಸುವುದು. ಹೊರಗಣ ಕವಚವು ರಾಡಿನೊಡನೆ ತಿರುಗುವುದು. ಎರಡಕ್ಕೂ ಅಂಟಿರುವ ರಬ್ಬರು ನಡುವೆ ತಿರುಚಿಕೊಳ್ಳುವುದು. ನೇತಾಡುವ ಸ್ಥಿತಿಯಲ್ಲಿ ಬಿಗಿದರೆ ಅದೇ ರಬ್ಬರಿನ ವಿಶ್ರಾಂತಿಸ್ಥಾನವಾಗುವುದು. ಗಾಡಿಯನ್ನು ನೆಲಕ್ಕಿಳಿಸಿದೊಡನೆ ಹತ್ತು ಬುಷ್‌ಗಳೂ ತಿರುಚಿಕೊಂಡು, ಅಚ್ಚನ್ನು ಮತ್ತೆ ನೇತಾಟದ ಸ್ಥಿತಿಗೆ ಎಳೆಯುವುವು. “ಮೇಷ್ಟ್ರೇ, ನೇತಾಡೋವಾಗ ಬಿಗಿದ್ರೆ ಅದು ನೇತಾಡೋದನ್ನೇ ಸರಿ ಅಂದ್ಕೊಳ್ಳುತ್ತೆ,” ಎಂದು ಆ ವೃದ್ಧರು ನನಗೆ ತಿಳಿಯುವಂತೆ ಹೇಳಿದರು. ಹತ್ತು ಬೋಲ್ಟುಗಳನ್ನೂ ಸಡಿಲಿಸಿ, ಗಾಡಿಯನ್ನು ಚಕ್ರಗಳ ಮೇಲೆ ನಿಲ್ಲಿಸಿ, ಆಸನದಲ್ಲಿ ಒಬ್ಬನನ್ನು ಕೂರಿಸಿ, ನಾಲ್ಕಾರು ಬಾರಿ ಕುಲುಕಿ, ಅನಂತರ ಬಿಗಿದರು. ಹೊಸ ಸಾಮಾನು ಒಂದೂ ಬೇಕಾಗಲಿಲ್ಲ.

ಇದು ಒಬ್ಬ ಫಿಟ್ಟರಿನ ಕೈಚಳಕವೆಂದು ತಿಳಿಯಬಾರದು. ಬಲ್ಲವರೆಲ್ಲರೂ ಅನುಸರಿಸುವ ನಿಯಮವಿದು. ನಮ್ಮ ಭಾಗದಲ್ಲಿಯೇ, ಮೈಸೂರು ರಸ್ತೆಯಲ್ಲಿ, 1963ರಲ್ಲಿ ಸ್ಥಾಪಿತವಾದ ಆರ್. ವಿ. ಇಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಿನ ವಿದ್ಯಾರ್ಥಿಗಳು ಅಶ್ವ ರೇಸಿಂಗ್ ಎಂಬ ತಂಡವನ್ನು ಕಟ್ಟಿಕೊಂಡು ಫಾರ್ಮುಲಾ ಮಾದರಿಯ ಹಗುರವಾದ ಗಾಡಿಗಳನ್ನು ತಾವೇ ನಿರ್ಮಿಸಿ ಸ್ಪರ್ಧೆಗಳಿಗೆ ಒಯ್ದಿದ್ದಾರೆ. ಅವುಗಳ ಹಿಂದಿನ ಕಟ್ಟಡವು ಇಲ್ಲಿ ಹೇಳಿದ ಅಚ್ಚಿಗಿಂತ ಬೇರೆ ಬಗೆಯದು. ಆದರೂ ವಿದ್ಯಾರ್ಥಿಗಳ ಈ ಫಾರ್ಮುಲಾ ಸ್ಪರ್ಧೆಗಳ ನಿಯಮದಲ್ಲಿ, ಚಕ್ರವು ಕನಿಷ್ಠ 50 ಮಿಲಿಮೀಟರ್ ಏರಿಳಿಯುವಂತಿರಬೇಕೆಂದು ಹೇಳುವಲ್ಲಿ, ಚಾಲಕನು ಕುಳಿತಿರುವಾಗಿನ ಸ್ಥಿತಿಯನ್ನೂ ಹೆಸರಿಸಿದೆ. ಬರಿಯ ಗಾಡಿಯಲ್ಲ, ತಾನು ಹೊರಬೇಕಾದುದನ್ನು ಹೊತ್ತಿರುವ ಗಾಡಿಯೇ ಪ್ರಮಾಣವೆಂದು ಇದರ ಅರ್ಥ.

ಈ ದೃಷ್ಟಾಂತದಿಂದ ದಾರ್ಷ್ಟಾಂತಿಕಕ್ಕೆ ಬರೋಣ. ಮನುಷ್ಯರ ನಡುವಣ ಕಟ್ಟುಪಾಡುಗಳಲ್ಲಿ ನೇತಾಡುವ ಸ್ಥಿತಿಯಲ್ಲಿ ಬಿಗಿದುವೆಷ್ಟು! ಮನೆಯ ಹಿರಿಯರು ತೀರಿಕೊಂಡ ಹತ್ತನೆಯ ದಿನ, ಎಲ್ಲರ ಮನಸ್ಸೂ ನೆಲೆತಪ್ಪಿರುವಾಗ, ಅಣ್ಣತಮ್ಮಂದಿರು ಮಾಡಿಕೊಂಡ ಏರ್ಪಾಡು ಮೂವತ್ತು ವರ್ಷ ನಡೆಯುವುದು. ಸಂಘದ ಹಣದಲ್ಲಿ ಒಮ್ಮೆ ಕಳವಾದುದಕ್ಕೆ ಮಾಡಿದ ನಿಯಮವು, ಕಳ್ಳನು ಹೋಗಿ ಎಷ್ಟೋ ಕಾಲವಾದರೂ, ಪ್ರಾಮಾಣಿಕರ ಕೈಯನ್ನು ಕಟ್ಟಿರುವುದು. ಪಾಠಶಾಲೆಯಲ್ಲಿ ಒಬ್ಬ ಬಾಲಕನು ತಾಯಿಗೆ ಕಾಯಿಲೆಯಾದ ವರ್ಷ ಹಿಂದೆ ಬಿದ್ದರೆ, ‘ಮಂದಬುದ್ಧಿ’ ಎಂಬ ಒಂದು ಮಾತನ್ನು ಅವನಿಗೆ ಬಿಗಿಯುವರು. ಮುಂದಿನ ಉಪಾಧ್ಯಾಯರೆಲ್ಲರೂ ಆ ಮಾತನ್ನೇ ಅವನ ಸ್ವಸ್ಥಾನವೆಂದು ತಿಳಿಯುವರು. ಹುಡುಗನು ಮೇಲೇಳಲು ಯತ್ನಿಸಿದಷ್ಟೂ ಅದು ಅವನನ್ನು ಕೆಳಕ್ಕೆ ಎಳೆಯುವುದು. ಇಲ್ಲೆಲ್ಲ ಅಣ್ಣನು ಕೆಟ್ಟವನೆ, ತಮ್ಮನು ಕೆಟ್ಟವನೆ ಎಂದು ಕೇಳುವುದಕ್ಕಿಂತ, ಈ ಕಟ್ಟು ಯಾವ ಸ್ಥಿತಿಯಲ್ಲಿ ಬಿಗಿದುದೆಂದು ಕೇಳುವುದೇ ಫಲಕಾರಿ.

ಇಲ್ಲಿ ಮೂರು ಆಕ್ಷೇಪಗಳು ಹುಟ್ಟಬಹುದು. ಬಿಗಿತವೇ ದೋಷವಾದರೆ ಬೋಲ್ಟುಗಳನ್ನು ಸಡಿಲವಾಗಿಯೇ ಬಿಡಬಹುದಲ್ಲ ಎಂಬುದು ಮೊದಲನೆಯದು. ಹಾಗಲ್ಲ. ಸಡಿಲಾದ ಬೋಲ್ಟು ರಂಧ್ರವನ್ನು ಸವೆಯಿಸಿ ಹಿಗ್ಗಿಸುವುದು. ಅಚ್ಚು ತನ್ನ ಇಷ್ಟದಂತೆ ಓಲಾಡಿ, ವೇಗದಲ್ಲಿ ಪ್ರಾಣಕ್ಕೇ ಅಪಾಯವಾಗುವುದು. ಒಳಗಣ ಕೊಳವೆಯು ಅಲುಗದಂತೆ ಬಿಗಿದಿದ್ದರೆ ಮಾತ್ರ ರಬ್ಬರು ಸರಿಯಾಗಿ ಬಾಗಬಲ್ಲದು. ಸ್ವಾತಂತ್ರ್ಯವೆಂಬುದು ಕಟ್ಟಿಲ್ಲದಿರುವಿಕೆಯಲ್ಲ, ಕಟ್ಟು ಇರಬೇಕಾದ ಕಡೆ ಗಟ್ಟಿಯಾಗಿದ್ದು, ಇರಬಾರದ ಕಡೆ ಇಲ್ಲದಿರುವುದು.

ಹೆಚ್ಚಿನ ಬಂಧವನ್ನು ತೆಗೆದು, ಬೇಕಾದಷ್ಟನ್ನೇ ಇಟ್ಟುಕೊಳ್ಳಬಾರದೇಕೆಂಬುದು ಎರಡನೆಯದು. ಚಾಪ್‌ಮನ್ನನೇ ಅದನ್ನು ಮಾಡಿ ನೋಡಿದನು. 1960ರಲ್ಲಿ ಬಂದ ಅವನ ಎರಡನೆಯ ಸೆವೆನ್ ಗಾಡಿಯಲ್ಲಿ ಮೇಲೆ ಎರಡು ರಾಡು, ಕೆಳಗೆ ಅಚ್ಚಿನ ನಡುಭಾಗಕ್ಕೆ ಸೇರುವ ಒಂದು ತ್ರಿಕೋನದ ಚೌಕಟ್ಟು. ಲೆಕ್ಕಕ್ಕೆ ಸರಿಯಾಗಿ ನಾಲ್ಕೇ ಬಂಧಗಳು. ಆದರೆ ಅನೇಕ ಸಂಧಿಗಳು ಹಂಚಿಕೊಳ್ಳಬೇಕಾಗಿದ್ದ ಸೆಳೆತವೆಲ್ಲ ಆ ಒಂದು ನಡುಸಂಧಿಯ ಮೇಲೆ ಬಿದ್ದು, ಅಚ್ಚಿನ ಕವಚವು ಬಳಲಿ, ಎಣ್ಣೆ ಸೋರುವುದೆಂಬ ದೂರು ಪ್ರಸಿದ್ಧವಾಯಿತು. ಬಂಧಗಳನ್ನು ಕಡಮೆ ಮಾಡಿದರೆ ಘರ್ಷಣೆಯು ಕಡಮೆಯಾಗುವುದು. ಉಳಿದವರ ಭಾರವು ಹೆಚ್ಚುವುದು. ಕೂಡುಕುಟುಂಬವು ಒಡೆದು ಒಬ್ಬಳೇ ಮಗಳು ವೃದ್ಧರಾದ ತಾಯಿತಂದೆಗಳನ್ನು ನೋಡಿಕೊಳ್ಳುವ ಮನೆಯಲ್ಲಿ ಜಗಳವಿರಲಾರದು. ಆದರೆ ಅವಳ ಬಳಲಿಕೆಯನ್ನು ಯಾರು ಅಳೆದಿದ್ದಾರೆ? ಎರಡು ಬಗೆಯ ಕಟ್ಟಡಕ್ಕೂ ಬೆಲೆಯುಂಟು. ಯಾವ ಬೆಲೆಯನ್ನು ಯಾರು ತೆರುತ್ತಾರೆಂಬುದನ್ನು ತಿಳಿದು ಆರಿಸಬೇಕು.

ಮೂರನೆಯ ಆಕ್ಷೇಪವು ಬಲವಾದುದು. ದೋಷವು ಸಂಧಿಯದು, ವ್ಯಕ್ತಿಯದಲ್ಲವೆಂದು ಹೇಳುತ್ತ ಹೋದರೆ ಯಾರಿಗೂ ಹೊಣೆಯಿಲ್ಲದಂತಾಗಿ, ಅಪರಾಧಿಗಳೆಲ್ಲರೂ ‘ನಾನಲ್ಲ, ವ್ಯವಸ್ಥೆ’ ಎಂದು ತಪ್ಪಿಸಿಕೊಳ್ಳುವರಲ್ಲವೆ? ಇದಕ್ಕೆ ಸಮಾಧಾನ. ಮೊದಲನೆಯದಾಗಿ, ಬಾಗಿದ ರಾಡು ಬಾಗಿದ ರಾಡೇ. ಅದೊಂದನ್ನು ತೆಗೆದೊಡನೆ ತಡೆಯೆಲ್ಲವೂ ಹೋದರೆ ದೋಷವು ಅದರದೇ ಎಂದು ಪರೀಕ್ಷೆಯೇ ಹೇಳುವುದು. ಕೆಟ್ಟವರು ಲೋಕದಲ್ಲಿ ಇಲ್ಲವೆಂದು ಯಾರೂ ಹೇಳಿಲ್ಲ; ಪರೀಕ್ಷೆಯ ಮುಂಚೆ ಅವರನ್ನು ಹೆಸರಿಸಬಾರದೆಂದಷ್ಟೇ ಹೇಳುವುದು. ಎರಡನೆಯದಾಗಿ, ಸಂಯೋಗವು ಎರಡರಲ್ಲಿಯೂ ಇರುವುದೆಂದ ಮೇಲೆ ಹೊಣೆಯು ಇಲ್ಲವಾಗುವುದಿಲ್ಲ. ಇಬ್ಬರಿಗೂ ಪೂರ್ತಿಯಾಗಿ ಬರುವುದು. ಕೂಡಿಸಿದವನಿಗಂತೂ ಎಲ್ಲರಿಗಿಂತ ಹೆಚ್ಚಾಗಿ ಬರುವುದು. ಆ ಕಾರ್ಖಾನೆಯಲ್ಲಿ ಬೋಲ್ಟನ್ನು ಬಿಗಿದವನು ಹೇಳಿದಂತೆ ಬಿಗಿದನು; ಹೇಳಿದವನು ಬಿಗಿಯೆಂದನೇ ಹೊರತು ಯಾವಾಗ ಬಿಗಿಯಬೇಕೆಂದು ಹೇಳಲಿಲ್ಲ; ಬಿಗಿದವನು ಕೇಳಲಿಲ್ಲ. ಕೇಳುವುದೂ ಹೇಳುವುದೂ ಅವರವರ ಧರ್ಮವಾಗಿದ್ದಿತು. ಲೇತಿನ ಹುಡುಗನಿಗೆ ಇದರಲ್ಲಿ ಯಾವ ಪಾಲೂ ಇರಲಿಲ್ಲ. ಆದರೂ ಶಿಕ್ಷೆಯಾದುದು ಅವನೊಬ್ಬನಿಗೆ; ಏಕೆಂದರೆ ಅವನು ಎಲ್ಲರಿಗಿಂತ ಹೊಸಬನು, ಎಲ್ಲರಿಗಿಂತ ಬಡವನು. ‘ಯಾರು?’ ಎಂಬ ಪ್ರಶ್ನೆಯನ್ನು ಮೊದಲು ಕೇಳುವ ಕಡೆಯಲ್ಲೆಲ್ಲ ಉತ್ತರವು ಹೀಗೆ ಅತ್ಯಂತ ದುರ್ಬಲನ ಮೇಲೆ ಹೋಗಿ ನಿಲ್ಲುವುದು. ಆ ಪ್ರಶ್ನೆಯ ನಿಜವಾದ ಅಪಾಯವಿದು.

ಅವನ ಕೂಲಿಯನ್ನು ಆ ಸಂಜೆಯೇ ಕೊಟ್ಟರು. ಜನರೆದುರಿಗೆ ಆಡಿದ ಮಾತುಗಳನ್ನು ಹಿಂದಕ್ಕೆ ತೆಗೆದುಕೊಂಡವರಿಲ್ಲ. ಸಡಿಲಿಸಿದ ಬೋಲ್ಟನ್ನು ಮತ್ತೆ ಬಿಗಿಯಬಹುದು; ಆಡಿದ ಮಾತನ್ನು ಸಡಿಲಿಸಬಲ್ಲ ಸ್ಪ್ಯಾನರು ಯಾವ ಅಂಗಡಿಯಲ್ಲಿಯೂ ದೊರೆಯದು. ಆ ತಿಂಗಳ ಕೊನೆಗೆ ಹುಡುಗನು ಬೇರೆ ಕಡೆ ಕೆಲಸಕ್ಕೆ ಹೋದನು.

ಆದುದರಿಂದ ಸಿದ್ಧಾಂತವಿಷ್ಟು: ಕೂಡಿ ನಡೆಯಬೇಕಾದುದು ಬಿಗಿದುಕೊಂಡಾಗ ಮೊದಲು ಭಾರವನ್ನು ಇಳಿಸಬೇಕು, ಒಂದೊಂದನ್ನೇ ಬಿಡಿಸಿ ನೋಡಿ ಮರಳಿ ಹಾಕಬೇಕು, ಕಟ್ಟು ಯಾವ ಸ್ಥಿತಿಯಲ್ಲಿ ಬಿಗಿದುದೆಂದು ವಿಚಾರಿಸಬೇಕು, ಅದನ್ನು ನಿತ್ಯದ ಭಾರದೊಡನೆ, ನೆಲದ ಮೇಲೆ ನಿಂತು ಮತ್ತೆ ಬಿಗಿಯಬೇಕು. ಇಷ್ಟೂ ಆದಮೇಲೆ ಇನ್ನೂ ದೋಷವು ಉಳಿದಿದ್ದರೆ ‘ಯಾರು?’ ಎಂದು ಕೇಳಬಹುದು. ಆ ಪ್ರಶ್ನೆಯು ನಿಷಿದ್ಧವಲ್ಲ; ಅದರ ಸ್ಥಾನವು ಕೊನೆಯಲ್ಲಿ. ಸಹೃದಯರಾದ ವಾಚಕರು ತಮ್ಮ ತಮ್ಮ ಮನೆ, ಸಂಘ, ಪಾಠಶಾಲೆಗಳಲ್ಲಿ ಇದನ್ನು ಪರೀಕ್ಷಿಸಿ ನೋಡಲಿ.